ಮೇಲೂರಿನ ಶಿಲುಬೆ, ಕೆಳೂರಿನ ಗುಟುಕು

ಸತ್ತವರನ್ನು ಕಂಡು ಹೊಟ್ಟೆಕಿಚ್ಚು ಪಡುವ ಊರು ಈ ಭೂಮಿಯ ಮೇಲೆ ಒಂದೇ ಒಂದು ಇದ್ದರೆ ಅದು ನಮ್ಮದು. ಹೆರಿಫರ್ಡ್ ಸೀಮೆಯಲ್ಲಿ ಒಂದೇ ಗುಡ್ಡಕ್ಕೆ ಲೆಡ್‌ಕಾಟ್ ಅನ್ನುವ ಹೆಸರಿನ ಎರಡು ಊರುಗಳಿವೆ. ನಕ್ಷೆಯಲ್ಲಿ ಅವಕ್ಕೆ ಏನೇ ಉದ್ದನೆಯ ಹೆಸರಿರಲಿ, ನಮ್ಮ ಬಾಯಲ್ಲಿ ಅವು ಮೇಲೂರು, ಕೆಳೂರು. ನಾನು ಹೆಸ್ಟರ್ ಪೆಲ್, ಕೆಳೂರಿನವಳು. ಮೊದಲನೆಯ ಮಹಾಯುದ್ಧಕ್ಕೆ ಎರಡೂ ಊರಿನ ಹುಡುಗರು ಒಂದೇ ದಿನ, ಒಂದೇ ಗಾಡಿಯಲ್ಲಿ ಹೋದರು. ಮೇಲೂರಿನವರಲ್ಲಿ ಅರ್ಧಕ್ಕರ್ಧ ಜನ ಫ್ರಾನ್ಸಿನ ಕೆಸರಿನಲ್ಲೇ ಉಳಿದರು. ಕೆಳೂರಿನವರು ಒಬ್ಬೊಬ್ಬರಾಗಿ ಎಲ್ಲರೂ ಬಂದರು.

ಇದಕ್ಕೆ ದೇವರಿಗೆ ಋಣಿಯಾಗಿರಬೇಕು, ನಿಜ. ನಮ್ಮ ಹಿರಿಯರು ಹಾಗೇ ಇದ್ದರು. ಊರ ಬಾಗಿಲಲ್ಲಿ 'ಎಲ್ಲರೂ ಮರಳಿ ಬಂದ ಊರು' ಅಂತ ಬೋರ್ಡು ಹಾಕಿಸಿದರು. ಆದರೆ ಬೋರ್ಡನ್ನು ಯಾರು ನೋಡುತ್ತಾರೆ? ಪ್ರವಾಸಿಗಳ ಬಸ್ಸು ನಮ್ಮ ಬೋರ್ಡಿನ ಎದುರು ಗೇರು ಬದಲಿಸಿ, ನಮ್ಮ ಮುಖಕ್ಕೆ ಹೊಗೆ ಬಿಟ್ಟು, ಗುಡ್ಡ ಹತ್ತುತ್ತದೆ. ಏಕೆಂದರೆ ಮೇಲೆ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಶಿಲುಬೆಯಿದೆ.

ಆ ಶಿಲುಬೆಯ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ. ಚೆನ್ನಾಗಿದೆ. ಚೆನ್ನಾಗಿರುವುದೇ ನನ್ನ ಸಂಕಟ. ನಮ್ಮ ಸೀಮೆಯ ಕೆಂಪು ಮರಳುಗಲ್ಲು, ಎಂಟು ಮೂಲೆಯ ಪೀಠ, ಕೆಳಗೆ ಮೆಟ್ಟಿಲು, ಹಿಂದೆ ಚರ್ಚಿನ ಮುದಿ ಯೂ ಮರ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಹೆಸರುಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಸುತ್ತ ಕಬ್ಬಿಣದ ಬೇಲಿ ಹಾಕಿಸಿದ್ದಾರೆ, ಬೆಂಚು ಇಡಿಸಿದ್ದಾರೆ, ಎದುರಿಗೆ ಚಹಾದಂಗಡಿ ತೆರೆದಿದ್ದಾರೆ. ಅಲ್ಲಿ ಸ್ಕೋನ್ ಅನ್ನುವ ಬನ್ನಿನ ಮೇಲೆ ಎಷ್ಟು ಕೆನೆ ಹಾಕುತ್ತಾರೆಂದರೆ, ನಮ್ಮೂರಿನವರೇ ಕದ್ದು ಹೋಗಿ ತಿಂದು ಬಾಯಿ ಒರೆಸಿಕೊಂಡು ಬರುತ್ತಾರೆ. ನಮ್ಮೂರಲ್ಲಿ ಏನಿದೆ? ಬಾತುಕೋಳಿಗಳ ಕೆರೆ, ಹಳ್ಳ ಬಿದ್ದ ರಸ್ತೆ, ಮತ್ತು 'ನೇಗಿಲು' ಅನ್ನುವ ಒಂದು ಪಬ್ಬು.

ಇದೆಲ್ಲದರ ಮೇಲೆ ಅಲ್ಲಿ ರೋವೆನಾ ಬೇರೆ ಇದ್ದಾಳೆ. ಅವಳ ಅಜ್ಜ ಆಂಬ್ರೋಸ್, ನನ್ನ ಅಜ್ಜ ರೂಬೆನ್, ಇಬ್ಬರೂ ಅಣ್ಣತಮ್ಮಂದಿರು. ನಾನು ಈಗಲೂ ವಾಸವಾಗಿರುವ ಕೆಳೂರಿನ ಮನೆಯಲ್ಲೇ ಇಬ್ಬರೂ ಹುಟ್ಟಿದ್ದು. ಆಂಬ್ರೋಸ್ ಯುದ್ಧಕ್ಕೆ ಹೋಗುವ ಮುಂಚೆ ಮೇಲೂರಿನ ಐವಿಯನ್ನು ಮದುವೆಯಾಗಿ, ಅವಳ ತವರಿನಲ್ಲಿ ಕೆಲವೇ ವಾರ ಇದ್ದು ಹೊರಟುಹೋದ. ಮಗ ಹುಟ್ಟುವಷ್ಟರಲ್ಲಿ ಅವನಿರಲಿಲ್ಲ. ಹೆಂಡತಿಯ ಊರಿನವನೆಂದು ಅವನ ಹೆಸರು ಮೇಲೂರಿನ ಶಿಲುಬೆಗೆ ಹೋಯಿತು, ನಮ್ಮ ಬೋರ್ಡಿಗೂ ಧಕ್ಕೆಯಾಗಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆದರೆ ಆ ಹೆಸರಿನ ಬಲದಿಂದ ರೋವೆನಾ ನನ್ನನ್ನು ಎಷ್ಟು ಸುಟ್ಟಿದ್ದಾಳೆ ಅಂತ ನನಗೇ ಗೊತ್ತು. ಎರಡೂ ಊರಿಗೆ ಒಂದೇ ಶಾಲೆ. ನವೆಂಬರ್ ಬಂತೆಂದರೆ ಟೀಚರು ಕೇಳುತ್ತಿದ್ದರು, ಯಾರ ಮನೆಯವರ ಹೆಸರು ಶಿಲುಬೆಯ ಮೇಲಿದೆ ಅಂತ. ಮೇಲೂರಿನ ಮಕ್ಕಳು ಕೈ ಎತ್ತುತ್ತಿದ್ದರು. ರೋವೆನಾ ಅಜ್ಜನ ಪದಕವನ್ನು ಬಲಗಡೆ ಎದೆಗೆ ಸಿಕ್ಕಿಸಿಕೊಂಡು ಬಂದು ಮುಂದೆ ನಿಲ್ಲುತ್ತಿದ್ದಳು. ನಾವು ಕೆಳೂರಿನವರು ಹಿಂದಿನ ಬೆಂಚಿನಲ್ಲಿ, ಯಾರೋ ನಮ್ಮ ಪಾಲಿನ ಮಿಠಾಯಿ ತಿಂದುಬಿಟ್ಟ ಹಾಗೆ ಕೂತಿರುತ್ತಿದ್ದೆವು. ಒಂದು ಸಲ ಮನೆಗೆ ಬಂದವಳೇ ಅಜ್ಜನನ್ನು ಕೇಳಿದೆ.

"ಅಜ್ಜ, ನೀನ್ಯಾಕೆ ಸಾಯ್ಲಿಲ್ಲ?"

ಅಜ್ಜ ಪೈಪನ್ನು ಬಾಯಿಂದ ತೆಗೆದ. ಬೈಯಲಿಲ್ಲ.

"ಸರದಿ ನಂದಾಗಿರ್ಲಿಲ್ಲ ಮರಿ. ಹೋಗು, ಕೋಳಿಗೆ ಕಾಳು ಹಾಕು."

ಹಾಗಂತ ನಮಗೂ ಒಂದು ದಿನ ಇಲ್ಲದಿಲ್ಲ. ನವೆಂಬರಿನಲ್ಲಿ ಬರುವ, ಯುದ್ಧದಲ್ಲಿ ಮಡಿದವರ ನೆನಪಿನ ಭಾನುವಾರ, ಬೆಳಿಗ್ಗೆ ಎರಡೂ ಊರು ಮೇಲೂರಿನ ಶಿಲುಬೆಯ ಮುಂದೆ ಸೇರುತ್ತವೆ. ಸಂಜೆ ಕೆಳೂರಿನವರು ಮಾತ್ರ 'ನೇಗಿಲು' ಪಬ್ಬಿನಲ್ಲಿ 'ಬಂದವರ ಊಟ' ಮಾಡುತ್ತೇವೆ. ಹಂದಿತೊಡೆ, ಬೇಯಿಸಿದ ಆಲೂಗಡ್ಡೆ, ಸೇಬಿನ ಕಡುಬು, ನಮ್ಮದೇ ತೋಟದ ಸೇಬಿನ ಸೈಡರ್. ಊಟಕ್ಕೆ ಮೊದಲು ಪಬ್ಬಿನ ಯಜಮಾನ ಎದ್ದು ನಿಂತು, ಕೆರೆಯ ಪಕ್ಕದ ಮನೆಯಿಂದ ಶುರುಮಾಡಿ ಮನೆ ಸಾಲಿನ ಪ್ರಕಾರ, ಮರಳಿ ಬಂದವರ ಹೆಸರು ಕೂಗುತ್ತಾನೆ. ಆ ಮನೆಯವರು ಯಾರಾದರೂ ಎದ್ದು "ಬಂದೆ!" ಅಂತ ಓಗೊಡಬೇಕು. ಅದು ಬರೆದಿಟ್ಟುಕೊಂಡು ಓದುವುದಲ್ಲ, ಅಪ್ಪನ ಬಾಯಿಂದ ಮಗನ ಬಾಯಿಗೆ ಬಂದದ್ದು. ಈಗ ಕೂಗುವವನು ಗಿಲ್ಬರ್ಟ್ ಸೇಯ್ಸ್, ಅವನ ಮುತ್ತಜ್ಜನೇ ಮೊದಲ ವರ್ಷ ಕೂಗಿದವನು. ಕಮ್ಮಾರರ ಮನೆಯ ಬಾರ್ಥಲೋಮ್ಯೂ ಹ್ಯಾಂಕಾಕ್ಸ್‌ನ ಹೆಸರು ಆದ ಮೇಲೆ ಗಿಲ್ಬರ್ಟ್ ನಿಲ್ಲಿಸಿ ಒಂದು ಗುಟುಕು ಸೈಡರ್ ಕುಡಿಯುತ್ತಾನೆ, ನಾವೆಲ್ಲರೂ ಕುಡಿಯುತ್ತೇವೆ. ಅಷ್ಟುದ್ದದ ಹೆಸರು ಕೂಗಿ ಗಂಟಲು ಒಣಗಿರುತ್ತದೆ ಅಂತ ನಮ್ಮಲ್ಲಿ ತಮಾಷೆ. ಆಮೇಲೆ "ಪೆಲ್ ಮನೆ, ರೂಬೆನ್!" ಅನ್ನುತ್ತಾನೆ. ಅಪ್ಪ ತೀರಿಕೊಂಡಾಗಿನಿಂದ ನಾನೇ ಎದ್ದು "ಬಂದೆ!" ಅನ್ನುತ್ತೇನೆ. ಅದಕ್ಕೂ ಮೊದಲು ಅಪ್ಪನ ಪಕ್ಕದಲ್ಲಿ ಕೂತು, ಮೂರಡಿ ಎತ್ತರ ಇದ್ದಾಗಿನಿಂದಲೇ ಅವನ ಜೊತೆ ಕೂಗುತ್ತಿದ್ದೆ.

ಈ ಊಟಕ್ಕೆ ಮೇಲೂರಿನವರು ಒಬ್ಬರೂ ಬಂದದ್ದಿಲ್ಲ. ನಾವು ಕರೆದದ್ದೂ ಇಲ್ಲ.

ಇದೇ ವರ್ಷ ಏಪ್ರಿಲಿನಲ್ಲಿ ಸುದ್ದಿ ಹರಡಿತು. ಮೇಲೂರಿನ ಶಿಲುಬೆ ಮೊದಲೇ ಸರ್ಕಾರದ ಪರಂಪರೆಯ ಪಟ್ಟಿಯಲ್ಲಿದೆ, ಎರಡನೇ ದರ್ಜೆ. ಈಗ ಅದಕ್ಕೆ ಒಂದು ಮೆಟ್ಟಿಲು ಮೇಲಿನ ನಕ್ಷತ್ರದ ದರ್ಜೆ ಕೊಡುವ ಯೋಚನೆಯಿದೆಯಂತೆ, ನೋಡಲು ಅಧಿಕಾರಿ ಬರುತ್ತಾರಂತೆ. ರೋವೆನಾ ಅಂಚೆಕಚೇರಿಯ ಸಾಲಿನಲ್ಲಿ ನಿಂತು, ಎರಡು ಊರಿಗೂ ಕೇಳುವ ಹಾಗೆ ಹೇಳಿದಳು.

"ನಕ್ಷತ್ರ ಅಂದ್ರೆ ಸುಮ್ನೆ ಅಲ್ಲ ಹೆಸ್ಟಿ. ದೊಡ್ಡ ದೊಡ್ಡ ಬಂಗ್ಲೆಗಳಿಗೆ ಕೊಡ್ತಾರೆ. ನಿಮ್ ಬೋರ್ಡ್‌ಗೂ ಏನಾದ್ರೂ ಕೊಡ್ತಾರೇನೋ ಕೇಳ್ನೋಡ್ಲಾ?"

"ನಮ್ ಬೋರ್ಡ್‌ಗೆ ಯಾರೂ ಸಾಯ್ಬೇಕಾಗಿರ್ಲಿಲ್ಲ ಕಣೇ," ಅಂದೆ.

"ಅದೇ ಮತ್ತೆ. ಅದಕ್ಕೇ ಯಾರೂ ನೋಡಲ್ಲ."

ಅಂಚೆಚೀಟಿ ತಗೊಳ್ಳುವುದನ್ನೂ ಮರೆತು ಮನೆಗೆ ಬಂದೆ. ಅಡುಗೆಮನೆಯಲ್ಲಿ ನಿಂತು ಯೋಚಿಸಿದೆ. ಆಂಬ್ರೋಸ್ ಹುಟ್ಟಿದ್ದು ಇದೇ ಮನೆಯಲ್ಲಿ. ಬೆಳೆದದ್ದು ಇಲ್ಲಿ. ಈ ಬಾಗಿಲಿನ ಚೌಕಟ್ಟಿನಲ್ಲಿ ಅವನ ಎತ್ತರದ ಗೆರೆಗಳು ಈಗಲೂ ಇವೆ, ಅಜ್ಜನದಕ್ಕಿಂತ ಒಂದು ಗೇಣು ಮೇಲೆ. ಮೇಲೂರಿನಲ್ಲಿ ಅವನು ಕಳೆದದ್ದು ಕೆಲವು ವಾರ, ಅದೂ ಹೊಸ ಮದುವೆಯ ಅಮಲಿನಲ್ಲಿ. ಅವನು ಅವರವನು ಹೇಗಾದ? ಅವನು ನಮ್ಮವನು ಅಂತಾದರೆ ಅವರ ಶಿಲುಬೆಯ ಮೇಲೆ ಒಂದು ಹೆಸರು ತಪ್ಪು. ತಪ್ಪು ಹೆಸರಿನ ಶಿಲುಬೆಗೆ ನಕ್ಷತ್ರ ಎಲ್ಲಿಂದ ಬರುತ್ತದೆ? ಮತ್ತೆ ನಮ್ಮೂರಿಗೂ ಒಂದು ಶಿಲುಬೆ ಬರುತ್ತದೆ. ಒಂದೇ ಹೆಸರಿನದಾದರೂ ಸರಿ, ಅದರ ಮುಂದೆ ನಾನು ನಿಲ್ಲಬೇಕು, ನಾನು ಓದಬೇಕು, ರೋವೆನಾ ಹಿಂದಿನ ಸಾಲಿನಲ್ಲಿ ನಿಂತು ಕೇಳಬೇಕು.

ಪರಂಪರೆಯ ಇಲಾಖೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಆ ಕಡೆಯ ಹೆಂಗಸು ಬಹಳ ಆಸಕ್ತಿಯಿಂದ ಕೇಳಿಸಿಕೊಂಡಳು. ನನಗೆ ಅಷ್ಟು ಸಂತೋಷ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಗಿಲ್ಬರ್ಟ್‌ಗೆ ಮಾತ್ರ ವಿಷಯ ತಿಳಿದು ಮೈ ಉರಿಯಿತು. ಪಬ್ಬಿನ ಮುಂದೆ ನನ್ನನ್ನು ತಡೆದ.

"ಹೆಸ್ಟರಮ್ಮಾ, ನಿಮ್ ಆಂಬ್ರೋಸ್ ನಮ್ಮೂರೋನು ಅಂತಾದ್ರೆ ನಮ್ಮೂರಲ್ಲೂ ಒಬ್ಬ ಸತ್ತಂಗಾಯ್ತಲ್ವಾ? ಆಗ ಆ ಬೋರ್ಡ್ ಏನ್ಮಾಡ್ಬೇಕು? ಬಂದವರ ಊಟ ಏನಾಗ್ಬೇಕು?"

"ಬೋರ್ಡ್ ಕಿತ್ತಾಕು."

"ಎದುರುಮನೆಯೋರ್ಗೆ ಅಪಶಕುನ ಆಗ್ಲಿ ಅಂತ ಮೂಗು ಕುಯ್ಕೊಂಡ್ರಂತೆ. ಹಂಗಾಯ್ತು ನಿಮ್ ಕತೆ."

"ನನ್ ಮೂಗು ನನ್ನಿಷ್ಟ ಕಣಯ್ಯಾ."

"ಮೂಗು ನಿಮ್ದಲ್ಲ ತಾಯಿ, ಊರಿಂದು," ಅಂದು ಅವನು ಪೀಪಾಯಿ ಉರುಳಿಸಿಕೊಂಡು ಒಳಗೆ ಹೋದ.

ಮೇ ತಿಂಗಳಲ್ಲಿ ಅಧಿಕಾರಿ ಬಂದಳು. ಫಿಲಿಪ್ಪಾ ಡ್ರೂ ಅಂತ ಹೆಸರು, ಕೈಯಲ್ಲಿ ಟೇಪು, ಟಾರ್ಚು, ಕಾಲಿಗೆ ಗಂಬೂಟು. ನನ್ನನ್ನೂ ರೋವೆನಾಳನ್ನೂ ಶಿಲುಬೆಯ ಬಳಿಗೆ ಒಟ್ಟಿಗೇ ಕರೆಸಿದ್ದಳು. ರೋವೆನಾ ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಬಂದಿದ್ದಳು. ಕಲ್ಲು ತೊಳೆದು ಫಳಫಳ ಅನ್ನುತ್ತಿತ್ತು. ಅಧಿಕಾರಿ ಕಲ್ಲನ್ನು ಬೆರಳಿನಿಂದ ಉಜ್ಜಿ ನೋಡಿದಳು.

"ಇದನ್ನ ಬ್ರಷ್ ಹಾಕಿ ಉಜ್ಜಿದ್ದೀರಾ?"

"ಪ್ರತಿ ತಿಂಗ್ಳೂ," ಅಂದಳು ರೋವೆನಾ ಹೆಮ್ಮೆಯಿಂದ. "ನನ್ ಕೈಯಾರೆ."

"ದಯವಿಟ್ಟು ಇನ್ಮುಂದೆ ಮುಟ್ಬೇಡಿ. ಮೆತ್ತನೆ ಕಲ್ಲು, ಹೆಸರು ಸವೆದುಹೋಗುತ್ತೆ. ಪಾಚಿ ಇದ್ರೆ ಇರ್ಲಿ, ಅದಕ್ಕೂ ವಯಸ್ಸಾಗಿದೆ."

ರೋವೆನಾಳ ಮುಖ ಬಾಡಿತು. ನನಗೆ ಅರ್ಧ ಹೊಟ್ಟೆ ತುಂಬಿತು. ಉಳಿದರ್ಧ ತುಂಬಿಸಿಕೊಳ್ಳಲು ನಾನು ಮುಂದೆ ಬಂದು ನನ್ನ ವಾದ ಮಂಡಿಸಿದೆ. ಆಂಬ್ರೋಸ್ ಎಲ್ಲಿ ಹುಟ್ಟಿದ, ಎಲ್ಲಿ ಬೆಳೆದ, ಎಷ್ಟು ಕಡಿಮೆ ಕಾಲ ಇಲ್ಲಿದ್ದ, ಎಲ್ಲವನ್ನೂ ಹೇಳಿದೆ. ಅವನ ಹೆಸರು ಇಲ್ಲಿಂದ ಹೋಗಬೇಕು, ನಮಗೆ ಸೇರಬೇಕು ಅಂದೆ. ರೋವೆನಾ ನನ್ನ ಕಡೆ ನೋಡಲೇ ಇಲ್ಲ. ಕೈಗವಸು ತೆಗೆದಳು, ಮತ್ತೆ ಹಾಕಿಕೊಂಡಳು.

ಅಧಿಕಾರಿ ಹೆಸರು ಹುಡುಕಿದಳು. ಬೇರೆ ಹೆಸರುಗಳೆಲ್ಲ ಪೀಠದ ಮೇಲಿನ ಭಾಗದಲ್ಲಿ, ಕಣ್ಣಿನ ಮಟ್ಟಕ್ಕೆ, ಅಕ್ಷರಮಾಲೆಯ ಪ್ರಕಾರ ಇವೆ. ಎ. ಪೆಲ್ ಅನ್ನುವುದೊಂದೇ ಬಹಳ ಕೆಳಗೆ, ಮೆಟ್ಟಿಲಿನ ಹತ್ತಿರ, ಬೇರೆಯದೇ ಅಳತೆಯ ಅಕ್ಷರದಲ್ಲಿ ಕೆತ್ತಿದೆ. ಅವಳು ಮೆಟ್ಟಿಲ ಮೇಲೆ ಕೂತು ಟಾರ್ಚು ಬಿಟ್ಟಳು.

"ಇದು ಆಮೇಲೆ ಸೇರ್ಸಿದ್ದು. ಯಾಕೆ ಇಷ್ಟು ಕೆಳಗೆ? ನಿಮಗೇನಾದ್ರೂ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಕೊನೆಗೆ ಸೇರಿಸಿದ ಹೆಸರಿಗೆ ಮೇಲೆ ಜಾಗ ಸಿಗಲಿಲ್ಲವೇನೋ ಅಂದುಕೊಂಡಿದ್ದೆ. ಉತ್ತರ ಕೊಟ್ಟವಳು ರೋವೆನಾ.

"ನಮ್ಮಜ್ಜಿ ಐವಿ ಹೇಳ್ತಿದ್ಲು. ಶಿಲುಬೆ ಕಟ್ಟುವಾಗ ನಮ್ಮೂರೋರು ಅಂದ್ರಂತೆ, ಆಂಬ್ರೋಸ್ ಇಲ್ಲಿ ಇದ್ದಿದ್ದೇ ನಾಲ್ಕು ದಿನ, ಅವ್ನು ಕೆಳೂರೋನು ಅಂತ. ಕೆಳೂರೋರು ಅಂದ್ರಂತೆ, ಮದ್ವೆ ಆಗಿ ಹೋದ್ಮೇಲೆ ಅವ್ನು ಮೇಲೂರೋನು, ನಮ್ಮೋರೆಲ್ಲಾ ಬಂದಿದ್ದಾರೆ ಅಂತ. ಅವರಾಗ್ಲೇ ಗಂಟೆ ಹೊಡ್ದು ಊಟಕ್ಕೆ ಹಂದಿ ಕಡ್ದಿದ್ರು. ಎರಡೂ ಊರ್ಗೂ ಅವನು ಬೇಡ. ಹೆಸರು ಕೆತ್ತೋ ಕೆಲಸ ಮುಗ್ದೂ ಹೋಯ್ತು."

"ಆಮೇಲೆ?" ಅಂದಳು ಅಧಿಕಾರಿ.

"ಆಮೇಲೆ ಕೆಜಾಯಾ ಬಂದ್ಲು. ಆಂಬ್ರೋಸ್‌ನ ಅಮ್ಮ. ಇವಳ ಮುತ್ತಜ್ಜಿ," ಅಂತ ನನ್ನ ಕಡೆ ಗಲ್ಲ ತೋರಿಸಿದಳು. "ಗುಡ್ಡ ಹತ್ಕೊಂಡು ಬಂದು ಈ ಮೆಟ್ಟಿಲ ಮೇಲೆ ಕೂತ್ಲಂತೆ. ಕಲ್ಕುಟಿಗ ಉಳಿ ಸುತ್ತಿಗೆ ಚೀಲಕ್ಕೆ ಹಾಕ್ತಿದ್ದ. ನನ್ ಮಗನ ಹೆಸರು ಹಾಕೋವರ್ಗೂ ಏಳಲ್ಲ ಅಂದ್ಲಂತೆ. ಮೇಲೆ ಜಾಗ ಇಲ್ಲಮ್ಮಾ ಅಂದ ಅವನು. ಮೇಲ್ಯಾಕಪ್ಪಾ, ಇಲ್ಲೇ ಕೆತ್ತು, ಕೂತ್ರೆ ಕೈಗೆ ಸಿಗ್ಬೇಕು ಅಂದ್ಲು. ಊರಿನ ಹಿರೀಕರು ಬಂದು ನೋಡಿದ್ರು, ಆ ಮುದುಕಿ ಮುಖ ನೋಡಿ ಸುಮ್ನೆ ವಾಪಸ್ ಹೋದ್ರು."

"ನಿಮ್ ಅಜ್ಜಿ ಐವಿ ಎಲ್ಲಿದ್ರು ಆವಾಗ?"

"ಅಲ್ಲಿ, ಆ ಕಿಟಕೀಲಿ." ರೋವೆನಾ ಚಹಾದಂಗಡಿಯ ಮೇಲಿನ ಮಹಡಿ ತೋರಿಸಿದಳು. "ನಮ್ಮಜ್ಜಿಗೆ ಸಾಯೋವರ್ಗೂ ಅದೇ ಹೊಟ್ಟೆಕಿಚ್ಚು. ಹೆಂಡ್ತಿ ನಾನು, ಗಟ್ಟಿಯಾಗಿ ಕೂತಿದ್ದು ಅತ್ತೆ. ನಾನ್ಯಾಕೆ ಹೋಗಿ ಕೂರ್ಲಿಲ್ಲ ಅಂತ."

ಅಧಿಕಾರಿ ಕೂತಲ್ಲಿಂದ ಕೈ ಚಾಚಿದಳು. ಅಕ್ಷರಗಳು ಸರಿಯಾಗಿ ಅಂಗೈಗೆ ಸಿಕ್ಕವು. ಅಂಚುಗಳು ನುಣ್ಣಗೆ ಸವೆದಿದ್ದವು. ಅದು ರೋವೆನಾಳ ಬ್ರಷ್ಷಿನ ಸವೆತವಲ್ಲ ಅಂತ ನನಗೂ ತಿಳಿಯಿತು.

ನನ್ನ ಮುತ್ತಜ್ಜಿಯ ಕತೆ. ನನ್ನ ಮನೆಯ ಕತೆ. ನನಗೆ ಗೊತ್ತಿಲ್ಲ, ಇವಳಿಗೆ ಗೊತ್ತು! ಆ ಕ್ಷಣದಲ್ಲಿ ಕನಿಕರ ಹುಟ್ಟಬೇಕಿತ್ತು, ಹುಟ್ಟಿದ್ದು ಉರಿ.

"ಇನ್ನೊಂದು ವಿಷ್ಯ ಹೇಳ್ಲಾ ಹೆಸ್ಟಿ?" ಅಂದಳು ರೋವೆನಾ, ಈಗ ನೇರ ನನ್ನನ್ನೇ ನೋಡುತ್ತಾ. "ನಿಮ್ ಊಟದಲ್ಲಿ ಕಮ್ಮಾರರ ಮನೆ ಆದ್ಮೇಲೆ ಒಂದು ಗುಟುಕು ಕುಡೀತೀರಲ್ಲ. ಯಾಕೆ ಗೊತ್ತಾ?"

"ಗಂಟ್ಲು ಒಣ್ಗಿರುತ್ತೆ."

"ಗಂಟ್ಲು ಒಣ್ಗಿತ್ತು, ನಿಜ. ಮೊದಲ್ನೇ ವರ್ಷ ಕೂಗೋನು ಕಮ್ಮಾರರ ಮನೆ ಮುಗ್ಸಿ ನಿಮ್ ಮನೆಗೆ ಬಂದ. ದೊಡ್ಡ ಮಗ ಆಂಬ್ರೋಸ್, ಮೊದ್ಲು ಅವನ್ನ ಕೂಗ್ಬೇಕಿತ್ತು. ಎದುರಿಗೆ ಕೆಜಾಯಾ ಬಡಿಸ್ತಾ ನಿಂತಿದ್ಲು. ಅವಳ ಮುಂದೆ ಅವನ ಹೆಸರು ಕೂಗಕ್ಕೂ ಆಗ್ಲಿಲ್ಲ, ಬಿಟ್ಟು ಮುಂದಕ್ಕೆ ಹೋಗಕ್ಕೂ ಆಗ್ಲಿಲ್ಲ ಅವನಿಗೆ. ಲೋಟ ಎತ್ತಿ ಕುಡ್ದುಬಿಟ್ಟ. ಎಲ್ಲರೂ ಕುಡಿದ್ರು. ಕೆಜಾಯಾನೇ ನಮ್ಮಜ್ಜಿಗೆ ಹೇಳಿದ್ದು. ಅಲ್ಲಿಂದ ಇಲ್ಲೀವರ್ಗೂ ನೀವು ಕುಡೀತಾನೇ ಇದ್ದೀರಿ, ಯಾಕೆ ಅಂತ ಒಬ್ರಿಗೂ ಗೊತ್ತಿಲ್ಲ."

ಅಧಿಕಾರಿ ಎದ್ದು ನಿಂತು, ಬಟ್ಟೆಗಂಟಿದ ಹುಲ್ಲು ಕೊಡವಿಕೊಳ್ಳುವುದನ್ನೂ ಮರೆತು, ನನ್ನ ಕೈ ಹಿಡಿದು ಕುಲುಕಿದಳು.

"ಥ್ಯಾಂಕ್ಸ್ ಮಿಸ್ ಪೆಲ್! ನೀವು ಫೋನ್ ಮಾಡದೇ ಇದ್ದಿದ್ರೆ ಇದೆಲ್ಲ ನಮ್ಗೆ ಗೊತ್ತೇ ಆಗ್ತಿರ್ಲಿಲ್ಲ. ಇಂಥ ಕಲ್ಲು ಶಿಲುಬೆ ನೂರಾರಿವೆ. ಎರಡೂ ಊರು ಬೇಡ ಅಂದವನನ್ನ ಒಬ್ಬ ತಾಯಿ ತಂದು ಕೂರ್ಸಿದ ಶಿಲುಬೆ ಇದೊಂದೇ. ನಕ್ಷತ್ರಕ್ಕೆ ಇದೇ ಸಾಕು!"

ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಅಂದರೆ ಏನು ಅಂತ ಅವತ್ತು ಗುಡ್ಡ ಇಳಿಯುವಾಗ ನನಗೆ ಗೊತ್ತಾಯಿತು. ಕಿತ್ತುಕೊಳ್ಳಲು ಹೋದವಳು ಕೈಯಾರೆ ಕೊಟ್ಟು ಬಂದಿದ್ದೆ.

ಅಕ್ಟೋಬರಿನಲ್ಲಿ ನಕ್ಷತ್ರ ಬಂತು. ಚಹಾದಂಗಡಿಯವರು ನಕ್ಷತ್ರದಾಕಾರದ ಬಿಸ್ಕತ್ತು ಮಾಡಿದರು. ನಾನು ಅದನ್ನು ಮುಟ್ಟಲಿಲ್ಲ. ಮುಟ್ಟಿದೆ, ಆದರೆ ರುಚಿಯಾಗಿರಲಿಲ್ಲ. ಆ ಬೇಸಗೆಯಿಡೀ ನಾನು ಗುಡ್ಡ ಹತ್ತಿರಲಿಲ್ಲ. ರೋವೆನಾ ಒಂದು ದಿನ ನಮ್ಮ ಮನೆಯ ಗೇಟಿನ ಹತ್ತಿರ ಕಾರು ನಿಲ್ಲಿಸಿ, ಇಳಿಯದೇ, ಕಿಟಕಿಯ ಗಾಜು ಇಳಿಸಿದಳು.

"ನಿಂಗೆ ಅವ್ನು ನಿಮ್ಮೂರೋನು ಅನ್ನಿಸ್ಕೋಬೇಕು ತಾನೇ? ಈ ಸಲ ಹೆಸರು ಓದೋವಾಗ ಎಲ್ಲರ ಮುಂದೆ ಹೇಳ್ತೀನಿ. ಕೇಳ್ಸ್ಕೊಂಡು ಸುಮ್ನಾಗ್ಬಿಡು."

"ನಿನ್ನ ಭಿಕ್ಷೆ ಬೇಕಾಗಿಲ್ಲ."

"ಭಿಕ್ಷೆ ಅಲ್ಲ ಕಣೇ, ಬಾಯಿ ಮುಚ್ಸೋಕೆ," ಅಂದು ಗಾಜು ಏರಿಸಿಕೊಂಡು ಹೋದಳು.

ನೆನಪಿನ ಭಾನುವಾರ ಬಂತು. ಮೋಡ ಕವಿದಿತ್ತು, ಮಳೆಯಿರಲಿಲ್ಲ. ಸತ್ತವರ ನೆನಪಿಗೆ ಕೆಂಪು ಕಾಗದದ ಗಸಗಸೆ ಹೂವನ್ನು ಕೋಟಿಗೆ ಸಿಕ್ಕಿಸಿಕೊಂಡು ಕೆಳೂರಿನವರು ಎಂದಿನಂತೆ ಹಿಂದೆ, ಬಸ್ ನಿಲ್ದಾಣದ ಪಕ್ಕ ನಿಂತೆವು. ಕಹಳೆ ಊದಿ ಮೌನ ಮುಗಿದ ಮೇಲೆ ರೋವೆನಾ ಮೆಟ್ಟಿಲ ಹತ್ತಿರ ಬಂದು ಹೆಸರು ಓದತೊಡಗಿದಳು. ಮೇಲೂರಿನಲ್ಲಿ ಹೆಸರಿಗೆ ಉತ್ತರ ಬರುವುದಿಲ್ಲ. ಹೆಸರು, ಮೌನ, ಮತ್ತೆ ಹೆಸರು. ಕಲ್ಲಿನಲ್ಲಿ ಇರುವ ಹಾಗೆ ಮೊದಲಕ್ಷರ, ಮನೆತನ, ಅಷ್ಟೇ. ವರ್ಷಾನುಗಟ್ಟಲೆ ಅವಳು "ಎ. ಪೆಲ್" ಅಂತ ಓದಿ ಮುಗಿಸುತ್ತಿದ್ದುದನ್ನು ನಾನು ಹಲ್ಲು ಕಚ್ಚಿ ಕೇಳಿದ್ದೇನೆ.

ಈ ಸಲ ಕೊನೆಯ ಹೆಸರಿಗೆ ಬಂದಾಗ ಅವಳು ತಲೆಯೆತ್ತಿ ಹಿಂದಿನ ಸಾಲಿನ ಕಡೆ ನೋಡಿದಳು. ಗಟ್ಟಿಯಾಗಿ ಅಂದಳು:

"ಕೆಳೂರಿನ ಪೆಲ್ ಮನೆ, ಆಂಬ್ರೋಸ್!"

"ಬಂದೆ!"

ಯಾರು ಕೂಗಿದ್ದು ಅಂತ ನಾನೂ ತಿರುಗಿ ನೋಡಿದೆ. ಪಕ್ಕದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಚಿಕ್ಕಂದಿನಿಂದ ಪಳಗಿದ ನಾಲಿಗೆ, "ಪೆಲ್ ಮನೆ" ಅನ್ನುವುದೊಂದು ಕಿವಿಗೆ ಬಿದ್ದದ್ದೇ ತಡ, ನನ್ನನ್ನು ಕೇಳದೇ ಓಗೊಟ್ಟಿತ್ತು. ಅದೂ ಪಬ್ಬಿನಲ್ಲಿ ಕೂಗುವ ಗಂಟಲಿನಲ್ಲಿ. ಪಾದ್ರಿಗಳು ಕಣ್ಣು ಮುಚ್ಚಿಕೊಂಡರು. ಗಿಲ್ಬರ್ಟ್ ಹ್ಯಾಟಿನೊಳಗೆ ಮುಖ ಹುದುಗಿಸಿದ. ಸತ್ತವನ ಹೆಸರಿಗೆ, ಅವನ ಶಿಲುಬೆಯ ಮುಂದೆ, 'ಬಂದೆ' ಅಂದವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ರೋವೆನಾಳ ಬಾಯಿ ಅರ್ಧ ತೆರೆದೇ ಇತ್ತು. ಮುಂದೇನು ಹೇಳಬೇಕು ಅನ್ನುವುದು ಅವಳಿಗೆ ಮರೆತುಹೋಗಿತ್ತು. ಪಾದ್ರಿಗಳೇ ಪ್ರಾರ್ಥನೆ ಮುಗಿಸಿದರು.

ಜನ ಚದುರುವುದರೊಳಗೆ ನಾನು ಓಡಿಹೋಗಬೇಕೆಂದಿದ್ದೆ. ಯೂ ಮರದ ಹತ್ತಿರ ರೋವೆನಾ ನನ್ನನ್ನು ಹಿಡಿದಳು. ಕಣ್ಣು ಕೆಂಪಾಗಿತ್ತು. ಮೂಗೂ ಕೆಂಪಾಗಿತ್ತು.

"ಬೇಕೂಂತ ಮಾಡಿದ್ಯಾ?"

"ಇಲ್ಲ ರೋವೆನಾ. ದೇವ್ರಾಣೆ ಇಲ್ಲ. ಬಾಯಿ ತಪ್ಪಿ ಬಂತು."

"ಚಿಕ್ಕೋಳಿದ್ದಾಗ ಈ ದಿನ ಸಂಜೆ ನಮ್ಮಜ್ಜಿ ಕಿಟಕಿ ಎಲ್ಲಾ ಮುಚ್ಸ್ತಿದ್ಲು. ಗಾಳಿ ಈ ಕಡೆ ಬೀಸಿದ್ರೆ ನಿಮ್ ಕೂಗು ಕೇಳ್ಸ್ತಿತ್ತು. ಬಂದೆ, ಬಂದೆ, ಬಂದೆ. ನಾನು ಪದಕ ಹಾಕ್ಕೊಂಡು ಕತ್ತಲೆ ಕೋಣೇಲಿ ಕೂತಿರ್ತಿದ್ದೆ. ಒಂದೇ ಒಂದ್ಸಲ ನನ್ ಅಜ್ಜನ ಹೆಸರ್ಗೂ ಹಂಗೆ ಕೂಗ್ಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ ನಂಗೆ?" ಅವಳು ನನ್ನ ಕೋಟಿನ ತೋಳು ಹಿಡಿದೆಳೆದಳು. "ಕೂಗೋದಿದ್ರೆ ನಾನು ಕೂಗ್ಬೇಕಿತ್ತು. ಅವ್ನು ನನ್ ಅಜ್ಜ. ನೀನ್ಯಾರೇ ಕೂಗೋಕೆ?"

ಇಷ್ಟು ಕಾಲ ನಾನು ಗುಡ್ಡದ ಮೇಲೆ ನೋಡಿ ಉರಿಯುತ್ತಿದ್ದೆ. ಇವಳು ಗುಡ್ಡದ ಕೆಳಗೆ ನೋಡಿ ಉರಿಯುತ್ತಿದ್ದಳು. ಇದು ಒಂದು ಸಲವೂ ನನಗೆ ಹೊಳೆದಿರಲಿಲ್ಲ. "ಸಂಜೆ ಊಟಕ್ಕೆ ಬಾ," ಅಂದುಬಿಟ್ಟೆ.

"ನಿಮ್ ಹಂದಿತೊಡೆ ಉಪ್ಪು ಜಾಸ್ತಿ ಅಂತ ಕೇಳಿದ್ದೀನಿ," ಅಂದು ಅವಳು ಮೂಗು ಒರೆಸಿಕೊಂಡು ಹೋದಳು.

ಬರುವುದಿಲ್ಲ ಅಂದುಕೊಂಡೆ. ಬಂದಳು. 'ನೇಗಿಲು' ಪಬ್ಬಿನ ಬಾಗಿಲು ತೆರೆದು, ಅದೇ ಚರ್ಚಿನ ಕೋಟಿನಲ್ಲಿ, ಎದೆಯ ಬಲಗಡೆ ಪದಕ ಸಿಕ್ಕಿಸಿಕೊಂಡು ನಿಂತಳು. ಇಡೀ ಕೋಣೆ ಬಾಗಿಲ ಕಡೆ ತಿರುಗಿತು. ಗಿಲ್ಬರ್ಟ್ ನನ್ನ ಮುಖ ನೋಡಿದ. ನಾನು ಬೆಂಚಿನಲ್ಲಿ ಸರಿದು ಜಾಗ ಮಾಡಿದೆ. ಅವಳು ಕೂತಳು, ಲೋಟಕ್ಕೆ ಸೈಡರ್ ಹಾಕಿಸಿಕೊಂಡಳು, ಯಾರ ಜೊತೆಯೂ ಮಾತಾಡಲಿಲ್ಲ.

ಗಿಲ್ಬರ್ಟ್ ಎದ್ದು ಕೆರೆಯ ಪಕ್ಕದ ಮನೆಯಿಂದ ಶುರುಮಾಡಿದ. ಬಂದೆ. ಬಂದೆ. ಒಂದೊಂದು ಕೂಗಿಗೂ ರೋವೆನಾ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ಕಮ್ಮಾರರ ಮನೆಯ ಬಾರ್ಥಲೋಮ್ಯೂ ಹ್ಯಾಂಕಾಕ್ಸ್ ಆಯಿತು. ಗಿಲ್ಬರ್ಟ್ ಲೋಟ ಎತ್ತಿದ, ಎಲ್ಲರೂ ಎತ್ತಿದರು. ಆ ಗುಟುಕು ಯಾರದು ಅಂತ ಆ ಕೋಣೆಯಲ್ಲಿ ಗೊತ್ತಿದ್ದವರು ನಾವಿಬ್ಬರೇ. ಈ ಸಲ ಬಾಯಿ ತಪ್ಪಿ ಅಲ್ಲ, ಬೇಕೆಂದೇ ಕೂಗುತ್ತೇನೆ ಅಂದುಕೊಂಡೆ. ನನ್ನ ಮನೆಯಲ್ಲಿ ಹುಟ್ಟಿದವನು, ನನ್ನ ಬಾಗಿಲಿಗೆ ಬೆನ್ನು ಕೊಟ್ಟು ಎತ್ತರ ಅಳೆಸಿಕೊಂಡವನು. ಬಾಯಿ ತುಂಬಿದ್ದ ಸೈಡರನ್ನು ಗಟಕ್ಕನೆ ನುಂಗಿ ತುಟಿ ತೆರೆದೆ.

ರೋವೆನಾ ಕುಡಿದೇ ಇರಲಿಲ್ಲ. ಎಲ್ಲರ ಜೊತೆ ಲೋಟ ಎತ್ತಿದವಳು, ತುಟಿಗೆ ಮುಟ್ಟಿಸದೆ ಹಾಗೇ ಹಿಡಿದು ಕಾದಿದ್ದಳು, ಕಳ್ಳಿ!

"ಬಂದೆ!" ಅಂದಳು.

ಗಟ್ಟಿಯಾಗಿ ಅನ್ನಲಿಲ್ಲ. ಆದರೆ ಎಲ್ಲರಿಗೂ ಕೇಳಿಸಿತು. ಗಿಲ್ಬರ್ಟ್ ಅವಳನ್ನು ನೋಡಿದ, ಕೈಯಲ್ಲಿದ್ದ ಲೋಟವನ್ನು ನೋಡಿದ, ಅವನ ಮುಖದಲ್ಲಿ ಏನೋ ನಿಧಾನವಾಗಿ ಹೊಂದಿಕೊಂಡಿತು. ಲೋಟವನ್ನು ಕೆಳಗಿಟ್ಟು, ತಲೆ ಬಾಗಿಸಿ, ದನಿ ತಗ್ಗಿಸಿ ನನ್ನ ಅಜ್ಜನನ್ನು ಕರೆದ.

"ಪೆಲ್ ಮನೆ, ರೂಬೆನ್."

ಎದ್ದು ನಿಂತೆ. ಅಣ್ಣನ ಹಿಂದೆ ತಮ್ಮ. ನನ್ನ "ಬಂದೆ" ಅರ್ಧವೇ ಹೊರಗೆ ಬಂತು. ನಾನು ಕೂತ ಮೇಲೆ ರೋವೆನಾ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು. ನನಗಿಂತ ಮೊದಲು ಕೂಗಿದ ಖುಷಿ ಅವಳ ಮುಖದ ಮೇಲೆ ಎದ್ದು ಕಾಣುತ್ತಿತ್ತು.

ಇರಲಿ. ಮುಂದಿನ ವರ್ಷ ನಾನೂ ಕುಡಿಯದೇ ಕಾಯುತ್ತೇನೆ.